ಎಡಗಾಲಿನ ಪೆನ್ನು

ಎಲ್ಲಕ್ಕೂ ಮೂಲ ಒಂದು ಸೀನು. ಅದೂ ಬ್ಯಾಡಗಿಯ ಸೀನು.

ಬ್ಯಾಡಗಿಯ ಬ್ಯಾಂಕಿನಲ್ಲಿ ಕೆಲಸಕ್ಕಿದ್ದ ಶಿವಾನಂದ ರಾಣೆಬೆನ್ನೂರಿಗೆ ಕನ್ಯಾ ನೋಡಲು ಬಂದಾಗ ಮೆಣಸಿನಕಾಯಿ ಪೇಟೆಯ ಘಾಟನ್ನೂ ಅಂಗಿಯ ಮಡಿಕೆಯಲ್ಲಿ ಕಟ್ಟಿಕೊಂಡೇ ಬಂದಿದ್ದ. ಅವನು ಕರವಸ್ತ್ರ ಝಾಡಿಸಿದರೆ ಸಾಕು, ಅಕ್ಕಪಕ್ಕದವರು ಮೂಗು ಹಿಡಿದುಕೊಳ್ಳುತ್ತಿದ್ದರು. ಹುಡುಗಿ ಇಂದಿರಾ ಅವಲಕ್ಕಿಯ ತಾಟು ಇಟ್ಟು, ಜಮಖಾನೆಯ ಅಂಚಿಗೆ ಕುಳಿತು, ಯಾರ ಮುಖದ ಮೇಲೆ ಏನು ಮೂಡುತ್ತದೆಂದು ಕಣ್ಣಂಚಿನಲ್ಲೇ ಕಾಯುತ್ತಿದ್ದಳು. ಅವಳು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು. ಮಹಾಪ್ರಾಣ ತಪ್ಪಿದರೆ ಕೆಂಪು ಗೆರೆ ಎಳೆಯುವವಳು. ಒಂದು ಮಾತು ಆಡುವ ಮೊದಲು ಅಕ್ಕಿ ಆರಿಸಿದಂತೆ ಆರಿಸಿ, ಕೇರಿ, ಆಮೇಲೆ ಬಾಯಿಂದ ಬಿಡುವವಳು.

ಆದರೆ ಅವತ್ತಿನ ಮಾತನ್ನು ಆರಿಸಿದವಳು ಅವಳಲ್ಲ, ಅವಳ ತಾಯಿ ಪದ್ಮಾಬಾಯಿ. ಬೆಳಗಿನಿಂದ ಒಂದೇ ಪಾಠ. “ವಿಶೇಷ ಏನು ಬರತದ ಅಂತ ಕೇಳ್ತಾರ. ಫೇಣಿ ಅನ್ನು. ಎಳಿ ಎಳಿ ಬಿಡೋ ಹಂಗ ಫೇಣಿ ಕರಿಯೋ ಹುಡುಗ್ಯಾರು ಈಗ ಯಾರದಾರ?”

“ಅವ್ವಾ, ನಾ ಜನ್ಮದಾಗ ಫೇಣಿ ಮಾಡಿಲ್ಲ.”

“ತಿಂದೀಯಿಲ್ಲೊ? ಅರ್ಧಾ ಬಂದಂಗನ ಅದು. ಉಳಿದದ್ದು ಲಗ್ನ ಆದಮ್ಯಾಲೆ ಕಲಿ.”

ಹುಡುಗನ ಕಾಕಾ ಅಣ್ಣಾಜಿರಾಯರು ಕೊನೆಗೂ ಆ ಪ್ರಶ್ನೆ ಕೇಳಿದರು. “ಏನವಾ ಇಂದಿರಾ, ವಿಶೇಷ ಏನು ಮಾಡಲಿಕ್ಕೆ ಬರತದ?”

ಬದುಕಿನ ಮೊದಲ ಸುಳ್ಳಾದ್ದರಿಂದ ಇಂದಿರಾಳ ಗಂಟಲಿನಲ್ಲಿ ಮಹಾಪ್ರಾಣ ಸಿಕ್ಕಿಕೊಂಡಿತು. “ಪೇ—” ಎಂದಳು. ಸರಿಯಾಗಿ ಆಗಲೇ ಶಿವಾನಂದ ಸೀನಿದ. ಉಳಿದ ಅಕ್ಷರ ಆ ಸೀನಿನಲ್ಲಿ ಕೊಚ್ಚಿಕೊಂಡು ಹೋಯಿತು.

ಒಂಟಿ ಸೀನು ಅಪಶಕುನ. ಇಡೀ ಕೋಣೆ ಎರಡನೆಯ ಸೀನಿಗಾಗಿ ಉಸಿರು ಹಿಡಿದು ಅವನ ಮೂಗನ್ನೇ ನೋಡಿತು. ಆದರೆ ಅವನ ಮುಖದಲ್ಲಿ ಬಂದದ್ದು ಬೇರೆಯೇ. ದೀಪ ಹಚ್ಚಿದಂತೆ ಹೊಳೆದು, “ಪೆನ್ನ? ನೀವು ಪೆನ್ನು ಮಾಡತೀರಿ? ಶಾಯಿ ಪೆನ್ನ?” ಎಂದ.

ಇಂದಿರಾ ತಲೆ ಎತ್ತಿದಳು. ಅವನ ಬಿಳಿ ಅಂಗಿಯ ಜೇಬಿನ ಕೆಳಗೆ ಬೋಂಡಾದಷ್ಟು ದೊಡ್ಡ ನೀಲಿ ಕಲೆ. ಊರಿಗೆ ಊರೇ ಬಾಲ್‌ಪೆನ್ನಿಗೆ ಹೋದ ಕಾಲದಲ್ಲಿ, ಸೋರುವ ಪೆನ್ನನ್ನು ಎದೆಗಿಟ್ಟುಕೊಂಡು ಕನ್ಯಾ ನೋಡಲು ಬಂದ ಮನುಷ್ಯ! ಅವಳಿಗೆ ಆ ಕಲೆ ಬಹಳ ಹಿಡಿಸಿತು. ಎಷ್ಟು ಹಿಡಿಸಿತೆಂದರೆ, ಬಾಯಿ ಅವಳನ್ನು ಕೇಳದೆಯೇ “ಹೂಂ” ಎಂದುಬಿಟ್ಟಿತು.

ಗೋಡೆಯ ಮೇಲೆ ಹಲ್ಲಿ ಲೊಚ್ ಲೊಚ್ ಎಂದಿತು. ಅಣ್ಣಾಜಿರಾಯರು ಬೆರಳಿನಿಂದ ನೆಲ ಕುಟ್ಟಿ, “ಕೃಷ್ಣ ಕೃಷ್ಣ! ಖರೇ ಅದ, ಹಲ್ಲಿ ನುಡೀತು,” ಎಂದರು. ಅದರ ಬೆನ್ನಿಗೇ ಶಿವಾನಂದನ ಎರಡನೆಯ ಸೀನು ಬಂತು. ಅಲ್ಲಿಗೆ ಎಲ್ಲ ಶಕುನಗಳೂ ಕೂಡಿ ಇಂದಿರಾಳ ಸುಳ್ಳಿಗೆ ಸಾಕ್ಷಿ ಹಾಕಿದಂತಾಯಿತು. ಹುಡುಗನ ಸೋದರತ್ತೆ ಭಾಗೀರಥೀಬಾಯಿ ಮಾತ್ರ ಏನೂ ಹೇಳಲಿಲ್ಲ. ತಾಯಿಯಿಲ್ಲದ ಅವನನ್ನು ಬೆಳೆಸಿದವರು ಅವರು. ಕಿವಿ ಪೂರ್ತಿ ಮಂದ. ಬಂದಾಗಿನಿಂದ ಇಂದಿರಾಳ ಬಾಯನ್ನೇ ನೋಡುತ್ತ ಅವಲಕ್ಕಿ ತಿನ್ನುತ್ತಿದ್ದರು.

ಅದೇ ವಾರ ಅಣ್ಣಾಜಿರಾಯರು ಸ್ವತಃ ಬಂದು ಹೇಳಿಹೋದರು. “ಹುಡುಗಿ ಪಸಂದ ಅದಾಳ. ಮುಂದಿನ ತಿಂಗಳ ಯಾದಿ ಮಾಡೋಣು. ನಮ್ಮ ಹುಡುಗಂದು ಒಂದ ಹಟಾ ನೋಡ್ರಿ. ಯಾದಿ ಅನ್ನೋದು ಆಕಿ ಮಾಡಿದ ಪೆನ್ನಿಂದನ ಬರೀಬೇಕಂತ! ಬ್ಯಾಂಕಿನಾಗ ಎಲ್ಲಾರ ಮುಂದನೂ ಹೇಳಿಕೋತ ಅಡ್ಡಾಡಲಿಕ್ಕೆ ಹತ್ಯಾನ.”

ಯಾದಿ ಎಂದರೆ ಎರಡೂ ಮನೆಯವರು ಎದುರುಬದುರು ಕುಳಿತು, ಮದುವೆಯಲ್ಲಿ ಯಾವುದು ಯಾರ ಪಾಲಿಗೆ ಎಂದು ಒಪ್ಪಿ ಬರೆದು, ಮೂಲೆಗಳಿಗೆ ಅರಿಷಿಣ ಕುಂಕುಮ ಹಚ್ಚುವುದು. ಆಮೇಲೆ ಮದುವೆ ಮುರಿಯುವ ಮಾತಿಲ್ಲ. ಅದಕ್ಕೂ ಮೊದಲು ಮುರಿಯಬಹುದು.

ಅವರು ಹೋದಮೇಲೆ ಪದ್ಮಾಬಾಯಿ ಕಂಬಕ್ಕೆ ಒರಗಿದರು. “ಅದು ಫೇಣಿ, ಪೆನ್ನಲ್ಲ ಅಂತ ಹೇಳಿಕಳಿಸೋಣು.”

“ಫೇಣಿನೂ ಸುಳ್ಳ ಅಲ್ಲೇನು ಅವ್ವಾ?”

“ಹಂಗಾರ ಏನ ಮಾಡ್ತಿ?”

ಇಂದಿರಾ ಯೋಚಿಸಿದಳು. ‘ಹೂಂ’ ಎಂಬುದು ಪೂರ್ತಿ ಮಾತೇ, ಬರೀ ಧ್ವನಿಯೇ ಎಂದು ವ್ಯಾಕರಣದ ದೃಷ್ಟಿಯಿಂದಲೂ ನೋಡಿದಳು. ಅದರಿಂದ ಏನೂ ಉಪಯೋಗವಾಗಲಿಲ್ಲ. ಆ ಮನುಷ್ಯ ಒಪ್ಪಿದ್ದು ಪೆನ್ನು ಮಾಡುವ ಹುಡುಗಿಯನ್ನು. ಅಂಥ ಹುಡುಗಿ ಇಲ್ಲವೇ ಇಲ್ಲ ಎಂದು ಗೊತ್ತಾದರೆ, ಆ ನೀಲಿ ಕಲೆ ಬ್ಯಾಡಗಿ ಬಸ್ಸು ಹತ್ತಿ ಹೋಗಿಬಿಡುತ್ತದೆ. ಹೋಗಕೂಡದು ಎಂಬುದೊಂದೇ ಅವಳಿಗೆ ಸ್ಪಷ್ಟವಾಗಿ ಗೊತ್ತಿದ್ದ ಸಂಗತಿ.

“ಪೆನ್ನನ ಮಾಡತೀನಿ,” ಎಂದಳು.

“ಎಣ್ಣ್ಯಾಗ ಕರದರ ಆಗತದೇನು ಪೆನ್ನು!” ಎಂದರು ಪದ್ಮಾಬಾಯಿ.

ಮುಮ್ತಾಜಬಿ ಇಂದಿರಾಳ ಜೊತೆ ಹೈಸ್ಕೂಲು ಕಲಿತ ಗೆಳತಿ. ಅವಳ ಗಂಡನ ಮನೆಯಲ್ಲಿ ಕಟ್ಟಿಗೆ ಕಡೆಯುವ ಲೇತು ಇತ್ತು: ಲಟ್ಟಣಿಗೆ, ತೊಟ್ಟಿಲ ಕಾಲು, ಗೋಡೆಯ ಗೂಟ. ಗಂಡ ಮಾಲು ಹಾಕಲು ಹಾವೇರಿ ಕಡೆ ಹೋದರೆ ಲೇತು ಅವಳದೇ. ಇಂದಿರಾ ಎಲ್ಲ ಹೇಳಿ ಮುಗಿಸುವ ಹೊತ್ತಿಗೆ ಮುಮ್ತಾಜಬಿ ನೆಲದ ಮೇಲೆ ಕುಳಿತು ಹೊಟ್ಟೆ ಹಿಡಿದುಕೊಂಡಿದ್ದಳು.

“ಏ ಇಂದ್ರಿ! ಮಗ್ಗಿ ತಪ್ಪಿದ್ರ ರಾತ್ರೆಲ್ಲಾ ಅಳಾಕಿ ನೀ. ಒಂದ ಹೂಂ ಅಂದು ಇಷ್ಟ ಮಾಡೀದಿ?”

“ನಗಬ್ಯಾಡ. ನಿನಗ ಪೆನ್ನು ಮಾಡಲಿಕ್ಕೆ ಬರತದೇನು?”

“ನನಗ ಲಟ್ಟಣಿಗಿ ಬರತೈತಿ. ಲಟ್ಟಣಿಗಿ ಸಣ್ಣದು ಮಾಡಿ ಹೊಟ್ಟಿ ಕೊರದ್ರ ಪೆನ್ನು. ಅದರಾಗೇನೈತಿ?”

ಹೀಗೆ ಶುರುವಾಯಿತು. ಸಾಗವಾನಿಯ ತುಂಡು ಲೇತಿಗೆ ಕಚ್ಚಿಸಿ, ಮುಮ್ತಾಜಬಿ ಇಂದಿರಾಳ ಕೈಗೆ ಉಳಿ ಕೊಟ್ಟಳು. ಉಳಿ ಮೊದಲ ಏಟಿಗೇ ಕೈಯಿಂದ ಹಾರಿ ಕೋಳಿಗೂಡಿನ ಮೇಲೆ ಬಿತ್ತು. “ಒತ್ತಬ್ಯಾಡ, ಅದರ ಮೈ ಮ್ಯಾಲೆ ಕುಂದ್ರಿಸು, ತೊಟ್ಟಲದಾಗ ಕೂಸು ಮಲಗಿಸಿದಂಗ,” ಎಂದಳು ಮುಮ್ತಾಜಬಿ. ಕೂಸು ಮಲಗುವ ಹೊತ್ತಿಗೆ ಇಬ್ಬರ ತಲೆಯಲ್ಲೂ ಕಟ್ಟಿಗೆಯ ಹೊಟ್ಟು. ಸಂಜೆಗೆ ಒಂದು ಪೆನ್ನು ಆಯಿತು. ಮಧ್ಯೆ ಉಬ್ಬಿ, ಎರಡೂ ಕಡೆ ಹಿಡಿಕೆ ಬಂದು, ಅಪ್ಪಟ ಲಟ್ಟಣಿಗೆಯ ಮರಿ. ಒಳಗೆ ಶಾಯಿ ಹಾಕಿದರೆ ಕಟ್ಟಿಗೆಯೇ ಅದನ್ನು ಕುಡಿಯಿತು. ತುಸು ಹೊತ್ತಿನಲ್ಲಿ ಹೊರಮೈಯೆಲ್ಲ ನೀಲಿ ಬೆವರು.

“ಬೆವರತೈತಲೇ! ನಿನ್ನಂಗ ಹೆದರೈತಿ ಅದೂ.”

ಇಂದಿರಾಳಿಗೆ ನಗು ತಡೆಯಲಾಗಲಿಲ್ಲ. ಕೈಗೆ ಶಾಯಿ, ಗಲ್ಲಕ್ಕೆ ಶಾಯಿ, ಮನೆಗೆ ಹೋದರೆ ಅಪ್ಪ, “ಪೇಪರು ತಿದ್ದಿ ಬಂದಿ, ಇಲ್ಲಾ ಪೇಪರು ತಿಂದು ಬಂದಿ?” ಎಂದರು.

ಕಟ್ಟಿಗೆ ಆಗದು, ಅಪ್ಪನ ಹಳೆಯ ಪೆನ್ನಿನಂಥ ಕರಿ ಎಬೊನೈಟೇ, ಆ ಗಟ್ಟಿ ರಬ್ಬರೇ ಬೇಕು ಎಂದು ತಿಳಿಯಿತು. ಅಪ್ಪನ ಡ್ರಾವರಿನಲ್ಲಿ ಹೊಟ್ಟೆ ಒಡೆದು ಬಿದ್ದಿದ್ದ ಆ ಪೆನ್ನಿನ ನಿಬ್ಬು, ನಿಬ್ಬಿನಡಿಯ ನಾಲಿಗೆ, ಅವೆರಡನ್ನೂ ಹಿಡಿದ ಕುತ್ತಿಗೆ ಗಟ್ಟಿಯಾಗಿದ್ದವು. ಇಂದಿರಾ ಅವನ್ನು ಬಿಚ್ಚಿ ತಂದಳು. ಹೊಟ್ಟೆ ಮತ್ತು ಟೊಪ್ಪಿಗೆ ಎಲ್ಲಿಂದ? ಯೋಚಿಸುತ್ತ ಕುಳಿತವಳ ಕಣ್ಣು ಲೇತಿನ ಕೋಣೆಯ ಕಿಟಕಿಗೆ ಬಿತ್ತು. ಅದರ ಬಾಗಿಲು ಬೀಳದಂತೆ ಹೆಬ್ಬೆರಳು ದಪ್ಪದ ಒಂದು ಕರಿ ಕೋಲು ಆನಿಸಿಟ್ಟಿತ್ತು.

“ಅದೇನದು?”

“ಏನೋ ಗುಜರಿ ಗಂಟಿನಾಗ ಬಂದಿತ್ತು. ಕಟಿಗಿ ಅಲ್ಲ, ಕಬ್ಬಿಣ ಅಲ್ಲ.”

ಹೈಸ್ಕೂಲಿನ ವಿಜ್ಞಾನದ ತಾಸು ಇಬ್ಬರಿಗೂ ಒಟ್ಟಿಗೇ ನೆನಪಾಯಿತು: ಎಬೊನೈಟ್ ಕೋಲನ್ನು ಬೆಕ್ಕಿನ ತುಪ್ಪಳಕ್ಕೆ ತಿಕ್ಕಿದರೆ ಕಾಗದದ ಚೂರುಗಳನ್ನು ಎಳೆಯುತ್ತದೆ. ಬೆಕ್ಕು ಇರಲಿಲ್ಲ. ಆಡು ಇತ್ತು. ಮುಮ್ತಾಜಬಿ ಅದರ ಕಿವಿ ಹಿಡಿದಳು, ಇಂದಿರಾ ಬೆನ್ನಿಗೆ ಕೋಲು ತಿಕ್ಕಿದಳು. ಆಡು ಊರಿಗೆಲ್ಲ ಕೇಳುವಂತೆ ಅರಚಿತು. ಕೋಲನ್ನು ಹೊಟ್ಟಿನ ರಾಶಿಯ ಮೇಲೆ ಹಿಡಿದರೆ, ಹೊಟ್ಟು ಪುಟಪುಟನೆ ಎದ್ದು ಬಂದು ಅಂಟಿಕೊಂಡಿತು!

“ಎಬೊನೈಟ!” ಎಂದು ಕಿರುಚಿ ಇಬ್ಬರೂ ಆಡಿನ ಸುತ್ತ ಕುಣಿದರು. ಎರಡು ಮಕ್ಕಳ ತಾಯಿ ಒಬ್ಬಳು, ಹೈಸ್ಕೂಲಿನ ಅಕ್ಕೋರು ಒಬ್ಬಳು.

ಎಬೊನೈಟು ಕಟ್ಟಿಗೆಯಂತಲ್ಲ. ಉಳಿ ಕೂತರೆ ಪುಡಿ ಬೀಳುವುದಿಲ್ಲ. ಕರಿ ಎಳೆ ಸುರುಳಿ ಸುರುಳಿಯಾಗಿ ಬಿಚ್ಚಿ ಮಡಿಲಿಗೆ ಬೀಳುತ್ತದೆ. ಜೊತೆಗೆ ಸೈಕಲ್ ಟ್ಯೂಬು ಸುಟ್ಟ ವಾಸನೆ. ಮುಮ್ತಾಜಬಿ ಆ ಎಳೆಗಳನ್ನು ಬೊಗಸೆಯಲ್ಲಿ ತುಂಬಿ ಗುಂಡಗೆ ಮಾಡಿ, “ಇಕಾ, ಎಳಿ ಎಳಿ ಬಿಟ್ಟೈತಿ. ನಿಮ್ಮವ್ವಗ ಹೇಳು, ನಮ್ಮ ಇಂದ್ರಿ ಫೇಣಿನೂ ಮಾಡ್ಯಾಳ ಅಂತ,” ಎಂದಳು.

ಹೊಟ್ಟೆ ಕೊರೆಯುವಾಗ ಮೊದಲ ತುಂಡಿನ ಪಕ್ಕೆ ತೂತಾಯಿತು. ಎರಡನೆಯದಕ್ಕೆ ಇಂದಿರಾ ಉಸಿರನ್ನೇ ಬಿಡಲಿಲ್ಲ. ಅದು ನೆಟ್ಟಗೆ ಬಂತು. ಅದಕ್ಕೊಂದು ಟೊಪ್ಪಿಗೆ ಕಡೆದಳು. ಕೋಲಿನಲ್ಲಿ ಇನ್ನು ಉಳಿದದ್ದು ಬೆರಳುದ್ದ ಮಾತ್ರ. ಈಗ ಬೇಕಾದದ್ದು ಟೊಪ್ಪಿಗೆ ತಿರುಗಿಸಿ ಹಾಕಲು ಒಳಗೆ ಹೊರಗೆ ತಿರುಪು. ಅದನ್ನು ಕೊರೆಯುವ ಸಾಮಾನು ಲಟ್ಟಣಿಗೆ ಮಾಡುವವರಲ್ಲಿ ಎಲ್ಲಿರಬೇಕು? ಓಣಿಯ ತುದಿಯ ಸೈಕಲ್ ಅಂಗಡಿಯ ಭರಮಣ್ಣನನ್ನು ಕೇಳಿದರು. ಪೆಡಲಿನ ತಿರುಪಿನಷ್ಟು ದಪ್ಪ ಸಾಕು ಎಂದು ಇಂದಿರಾ ಬೆರಳಿನಲ್ಲೇ ಅಳೆದು ತೋರಿಸಿದಳು. ಭರಮಣ್ಣ ಎಣ್ಣೆ ಬಟ್ಟೆಯಲ್ಲಿ ಸುತ್ತಿದ, ಒಳತಿರುಪು ಹೊರತಿರುಪು ಕೊರೆಯುವ ಸಾಮಾನಿನ ಜೋಡಿ ಕೊಟ್ಟ. ಎಬೊನೈಟಿನಲ್ಲಿ ತಿರುಪು ಬೆಣ್ಣೆಯಲ್ಲಿ ಕೊರೆದಂತೆ ಇಳಿಯಿತು.

ಇಂದಿರಾ ದೇವರನ್ನು ನೆನೆದು ಟೊಪ್ಪಿಗೆ ಹಾಕಿ ಬಲಕ್ಕೆ ತಿರುಗಿಸಿದಳು. ಹಿಡಿಯಲಿಲ್ಲ. ಇನ್ನೂ ತಿರುಗಿಸಿದಳು. ಟೊಪ್ಪಿಗೆ ಗರಗರ ಸುತ್ತಿ ಕೈಯಲ್ಲೇ ಉಳಿಯಿತು. ಅಳು ಬಂದು ಹಿಂದಕ್ಕೆ ತಿರುಗಿಸಿದರೆ, ಗಕ್ಕನೆ ಕಚ್ಚಿಕೊಂಡು ಸರಸರ ಕೂತುಬಿಟ್ಟಿತು.

ಇಬ್ಬರೂ ಪೆನ್ನು ಹಿಡಿದುಕೊಂಡು ಭರಮಣ್ಣನ ಹತ್ತಿರ ಓಡಿದರು. ಅವನು ತಿರುಗಿಸಿ ನೋಡಿ, ಗಡ್ಡ ಕೆರೆದುಕೊಂಡ. “ಎಡಗಾಲಿಂದು ಕೊಟ್ಟೇನ್ರಿ ಅಕ್ಕಾರ. ಸೈಕಲ್ಲಿನ ಎಡಗಡೆ ಪೆಡಲಿಗೆ ತಿರುಪು ಉಲ್ಟಾ ಇರತೈತಿ, ತುಳಿದಂಗ ತುಳಿದಂಗ ಬಿಚ್ಚಿ ಬೀಳಬಾರದು ಅಂತ.”

“ಮೊದಲ ಹೇಳಬಾರದೇನು ಭರಮಣ್ಣಾ?”

“ನೀವು ಪೆಡಲಿಂದು ಅಂದ್ರಿ. ಯಾವ ಕಾಲಿಂದು ಅಂತ ಅಂದಿಲ್ಲಲ್ರಿ!”

ಮಾತು ಆರಿಸುವುದರಲ್ಲಿ ತನ್ನನ್ನು ಒಬ್ಬ ಸೈಕಲ್ ಅಂಗಡಿಯವನು ತಿದ್ದಿದ್ದಕ್ಕೆ ಇಂದಿರಾ ನಾಚಿ ಪೆನ್ನನ್ನು ಇಸಿದುಕೊಂಡಳು. ಮುಮ್ತಾಜಬಿ ಅಲ್ಲೇ ಟೈರುಗಳ ರಾಶಿಗೆ ಒರಗಿ, “ಎಡಗಾಲಿನ ಪೆನ್ನು! ಎಡಗಾಲಿಟ್ಟು ಒಳಗ ಬರೂ ಸೊಸಿ!” ಎಂದು ಕಣ್ಣೀರು ಬರುವಂತೆ ನಕ್ಕಳು. ಬೇರೆ ಮಾಡಲು ಕೋಲಿರಲಿಲ್ಲ. ಇದ್ದದ್ದು ಇದೊಂದೇ ಪೆನ್ನು.

ಕುತ್ತಿಗೆಗೆ ಕುಪ್ಪಸ ಹೊಲಿಯುವ ದಾರ ಸುತ್ತಿ, ಮೇಣ ಬಳಿದು, ಹೊಟ್ಟೆಯೊಳಗೆ ಬಿಗಿಯಾಗಿ ನೂಕಿದರು. ಬೂದಿ, ಕೊಬ್ಬರಿ ಎಣ್ಣೆ ಹಚ್ಚಿ ಉಜ್ಜಿ ಉಜ್ಜಿ ಜಾಮೂನಿನಂತೆ ಮಿಂಚಿಸಿದರು. ಆಮೇಲೆ ಶುರುವಾದದ್ದು ಇಂದಿರಾಳ ಕಾವಲು. ಶಾಲೆಯಲ್ಲಿ ಪೆನ್ನನ್ನು ಬಿಳಿ ಕಾಗದದ ಮೇಲೆ ಮಲಗಿಸಿ ಪಾಠದ ನಡುನಡುವೆ ಹೋಗಿ ನೋಡಿ ಬರುತ್ತಿದ್ದಳು. ಹೊಟ್ಟೆ ತುಂಬ ಶಾಯಿ ಇದ್ದರೆ ತೆಪ್ಪಗಿರುತ್ತದೆ. ಅರ್ಧಕ್ಕಿಳಿದಾಗ ಕೈಯ ಬಿಸಿ ತಾಗಿದರೆ ಕಕ್ಕುತ್ತದೆ. ಇದನ್ನು ಅವಳು ಕಲಿತದ್ದು ಎಂಟನೆಯ ತರಗತಿಯ ಹಾಜರಿ ಹಾಕುವಾಗ. ಆ ಪುಟದ ಮೇಲೆ ಅರ್ಧ ತರಗತಿ ನೀಲಿಯಲ್ಲಿ ಮುಳುಗಿಹೋಯಿತು. ಒಮ್ಮೆ ಬರೆಯಲು ನಿಂತರೆ ಮಾತ್ರ ಆ ಪೆನ್ನು ಸುಮ್ಮನೆ ಓಡುತ್ತಿತ್ತು. ದೀರ್ಘದ ಬಾಲ ಎಳೆಯುವಾಗ ನಿಬ್ಬು ತಾನೇ ಹಾಡುತ್ತದೇನೋ ಅನ್ನಿಸಿ ಅವಳು ಬೇಕೆಂದೇ ದೀರ್ಘವಿರುವ ಶಬ್ದಗಳನ್ನು ಹುಡುಕಿ ಬರೆಯುತ್ತಿದ್ದಳು. ಅವುಗಳಲ್ಲಿ ಶಿವಾನಂದ ಎಂಬುದೂ ಒಂದು.

ಯಾದಿಯ ದಿನ ಪಡಸಾಲೆ ತುಂಬ ಜನ. ನಡುಮನೆಯ ಬಾಗಿಲ ಹಿಂದೆ ಹೆಂಗಸರು, ಅವರ ನಡುವೆ ಮುಮ್ತಾಜಬಿ, ಅವಳ ಹಿಂದೆ ಸೆರಗಿನ ತುದಿ ಕಚ್ಚಿಕೊಂಡ ಇಂದಿರಾ. ಬೆಳ್ಳಿಯ ತಾಟಿನಲ್ಲಿ ಕಾಗದ, ಅರಿಷಿಣ, ಕುಂಕುಮ. ಪಕ್ಕದಲ್ಲಿ ಕರಿ ಪೆನ್ನು. ಶಿವಾನಂದ ಅದನ್ನು ಎರಡೂ ಕೈಯಿಂದ ಎತ್ತಿ, ಕಿಟಕಿಯ ಬೆಳಕಿಗೆ ಹಿಡಿದು, ಮೂಸಿಯೂ ನೋಡಿ, ಕಾಕಾನ ಕೈಗಿಟ್ಟ. ಅವತ್ತೂ ಅವನ ಜೇಬಿನ ಕೆಳಗೆ ಕಲೆ ಇತ್ತು; ಹೊಸ ಅಂಗಿ, ಹೊಸ ಕಲೆ.

ಅಣ್ಣಾಜಿರಾಯರು ಟೊಪ್ಪಿಗೆ ತಿರುಗಿಸಿದರು. ಬರಲಿಲ್ಲ. ಹಲ್ಲು ಕಚ್ಚಿ ತಿರುಗಿಸಿದರು.

“ಭಾಳ ಗಟ್ಟಿ ಅದ.”

“ಕೊಡ್ರಿಲ್ಲೆ,” ಎಂದರು ಇಂದಿರಾಳ ಅಪ್ಪ. ಅವರು ತಿರುಗಿಸಿ ಇನ್ನಷ್ಟು ಬಿಗಿ ಮಾಡಿದರು. ಪೆನ್ನು ಕೈಯಿಂದ ಕೈಗೆ ಹೋಯಿತು. ಯಾರೋ ಧೋತರದ ಚುಂಗು ಹಿಡಿದು ತಿರುಗಿಸಿದರು, ಯಾರೋ ಬಾಗಿಲ ಸಂದಿಗೆ ಸಿಗಿಸೋಣವೆಂದರು. ಪುರೋಹಿತರು ಮುಹೂರ್ತ ಮೀರುತ್ತದೆಂದು, “ಬಾಲ್‌ಪೆನ್ನು ಅದ ನೋಡ್ರಿ ನನ್ನ ಕಡೆ,” ಎಂದು ಜೇಬಿಗೆ ಕೈಹಾಕಿದರು.

ಇಂದಿರಾ ಹೇಗೆ ಬಾಗಿಲು ದಾಟಿದಳೋ ಅವಳಿಗೇ ತಿಳಿಯಲಿಲ್ಲ. ಮುಮ್ತಾಜಬಿ ಬೆನ್ನಿಗೆ ಒಂದು ಗುದ್ದು ಕೊಟ್ಟದ್ದಂತೂ ಖರೆ. ಎಲ್ಲರೆದುರು ಪೆನ್ನು ಇಸಿದುಕೊಂಡಳು. ಬಿಗಿಯುವ ಕಡೆ ತಿರುಗಿಸಿದಳು. ಟೊಪ್ಪಿಗೆ ತೆಗೆದು ಕಾಕಾನ ಕೈಗೆ ಕೊಟ್ಟಳು.

“ಅರೇ! ಕೀಲಿ ಇಟ್ಟಾಳಪಾ ಪೆನ್ನಿಗೆ!” ಎಂದರು ಅಣ್ಣಾಜಿರಾಯರು.

ನಿಬ್ಬು ಕಾಗದ ಮುಟ್ಟಿತು. ಮೊದಲ ಗೆರೆ ಒಣಗಿಯೇ ಹೋಯಿತು. ಇಂದಿರಾ ಸೆರಗಿನ ತುದಿ ಮತ್ತೆ ಕಚ್ಚಿದಳು. ಎರಡನೆಯ ಗೆರೆಗೆ ನೀಲಿ ಇಳಿದು, ‘ಶ್ರೀ’ ಎಂಬ ಅಕ್ಷರ ಬಾಲ ಬಿಚ್ಚಿಕೊಂಡು ಹರಡಿತು. ಶಿವಾನಂದ ಎಲ್ಲರಿಗೂ ಕೇಳುವಂತೆ, “ಏನು ಬರೀತದ, ಏನು ಬರೀತದ!” ಎಂದ. ಅಣ್ಣಾಜಿರಾಯರು ಸೀರೆ, ಧೋತರ, ಊಟ, ವಾಲಗ ಎಂದು ಬರೆಯುತ್ತ ಹೋದರು. ಬರೆಯುವ ಖುಷಿಗೆ ಬೇಡದ್ದನ್ನೂ ಬರೆದರು.

ಆಗ ಇಷ್ಟು ಹೊತ್ತು ಸುಮ್ಮನಿದ್ದ ಭಾಗೀರಥೀಬಾಯಿ ದೊಡ್ಡ ದನಿಯಲ್ಲಿ ಕೇಳಿದರು. “ಎಲ್ಲಾ ಆತು. ಫೇಣಿ ಎಲ್ಲೆ?”

“ಯಾವ ಫೇಣಿ ಅಕ್ಕಾ?”

“ಅವತ್ತ ಈ ಹುಡುಗಿ ಹೇಳಿದ್ಲಲಾ, ಫೇಣಿ ಬರತದ ಅಂತ! ನಾ ಆಕಿ ಬಾಯಿನ ನೋಡಲಿಕ್ಕೆ ಹತ್ತಿದ್ದೆ. ಪೆನ್ನು ಅಂದವರು ನೀವು. ಆಕಿ ಅಂದದ್ದು ಫೇಣಿ.”

ಕಿವಿ ಕೇಳಿದವರನ್ನೆಲ್ಲ ಸೀನು ಕೆಡಿಸಿತ್ತು. ಕಿವಿ ಕೇಳದವರು ತುಟಿ ಓದಿದ್ದರು. ಯಾದಿಯ ಮೂಲೆಗಳಿಗೆ ಅರಿಷಿಣ ಇನ್ನೂ ಹಚ್ಚಿರಲಿಲ್ಲ. ಪದ್ಮಾಬಾಯಿ ಕಂಬ ಹುಡುಕಿದರು. ಎಲ್ಲರೂ ಇಂದಿರಾಳ ಕಡೆ ತಿರುಗಿದರು. ಅವಳು ನೋಡಿದ್ದು ಒಂದೇ ಮುಖ. ಅದರಲ್ಲಿ ಏನು ಮೂಡುತ್ತಿದೆ ಎಂದು ಮೊದಲ ಸಲ ಅವಳಿಗೆ ಓದಲು ಬರಲಿಲ್ಲ.

ಮಾತು ಆರಿಸಲು ಹೊತ್ತಿರಲಿಲ್ಲ. “ಅತ್ಯಾ, ಫೇಣಿ ಅಂದದ್ದು ಖರೇ,” ಎಂದಳು, ತುಟಿ ಕಾಣುವಂತೆ ಭಾಗೀರಥೀಬಾಯಿಯವರಿಗೆ ಎದುರಾಗಿ, ನಿಧಾನವಾಗಿ, ಮಹಾಪ್ರಾಣ ಬಿಡದೆ. “ಆದರ ನನಗ ಫೇಣಿ ಬರೂದಿಲ್ಲ. ಅವತ್ತ ಪೆನ್ನೂ ಬರತಿದ್ದಿಲ್ಲ. ಹೂಂ ಅಂದೆ. ಅಂದಮ್ಯಾಲೆ ಕಲತೆ. ಈಗ ಪೆನ್ನು ಬರತದ. ಫೇಣಿ ಇವತ್ತಿಗೂ ಬರೂದಿಲ್ಲ.”

“ಈ ಪೆನ್ನು ನೀವ ಮಾಡಿದ್ದು?” ಎಂದ ಶಿವಾನಂದ.

“ನಾ ಮತ್ತ ಮುಮ್ತಾಜ. ಮತ್ತ ಒಂದು ಆಡು.”

“ಆಡು?”

“ಆಡಿಂದು ದೊಡ್ಡ ಕತಿ ಅದ.”

ಶಿವಾನಂದನ ಮೂಗು ಮೊದಲು ಅಲುಗಿತು. ಸೀನು ಎಂದುಕೊಂಡು ಪಕ್ಕದವರು ಸರಿದರು. ಬಂದದ್ದು ನಗು. ನಕ್ಕು ನಕ್ಕು ಕೆಂಪಾಗಿ, “ನನ್ನ ಸಲುವಾಗಿ ಪೆನ್ನ ಕಲತ್ರಿ? ಅಷ್ಟಕ್ಕ?” ಎಂದ. ಆಮೇಲೆ ಸೋದರತ್ತೆಯ ಕಡೆ ತಿರುಗಿ, ತುಟಿ ದೊಡ್ಡದು ಮಾಡಿ, “ಅತ್ಯಾ, ಫೇಣಿ ನನಗ ಬರತದಲ್ಲ!” ಎಂದ.

“ಬರಲಾರದ ಏನು? ನಾನ ಕಲಿಸೀನಿ,” ಎಂದರು ಭಾಗೀರಥೀಬಾಯಿ, ಗೆದ್ದವರಂತೆ. “ಅದಕ್ಕ ಕೇಳಿದೆ. ಒಂದ ಮನ್ಯಾಗ ಇಬ್ಬರು ಫೇಣಿ ಕರಿಯೋರು ಕೂಡಿದರ ಜಗಳಾನ. ಆಕಿಗೆ ಬರೂದಿಲ್ಲಾ, ಛಲೋ ಆತು. ಬರಿ ಅಣ್ಣ್ಯಾ, ಯಾದಿಯೊಳಗ ಬರಿ.”

“ಏನಂತ ಬರೀಲಿ ಅಕ್ಕಾ?”

“ಫೇಣಿ, ವರನ ಕೈಯಿಂದ.”

ಬಾಗಿಲ ಹಿಂದೆ ಮುಮ್ತಾಜಬಿಯ ನಗು ಒಡೆಯಿತು. ಅದರ ಹಿಂದೆ ಹೆಂಗಸರೆಲ್ಲರದೂ. ಅಣ್ಣಾಜಿರಾಯರೂ ನಗುತ್ತಲೇ ಬರೆಯತೊಡಗಿದರು. ಇಷ್ಟು ಹೊತ್ತು ಬಿಸಿ ಕೈಯಲ್ಲಿದ್ದು ಅರ್ಧಕ್ಕಿಳಿದಿದ್ದ ಪೆನ್ನು, ‘ಫೇ’ಯ ಹೊಟ್ಟೆ ಸೀಳುವ ಗೆರೆ ಎಳೆಯುವಾಗ ಒಂದು ದಪ್ಪ ಹನಿ ಕಕ್ಕಿತು. ಗೆರೆ ಅದರಲ್ಲಿ ಮುಳುಗಿತು. ಅದು ಪೇಣಿಯೋ ಫೇಣಿಯೋ ಇನ್ನು ಯಾರಿಗೂ ಹೇಳಲು ಬರುವಂತಿರಲಿಲ್ಲ. ಮೂಲೆಗಳಿಗೆ ಅರಿಷಿಣ ಕುಂಕುಮ ಬಿತ್ತು. ಕನ್ನಡದ ಅಕ್ಕೋರು ಕೆಂಪು ಗೆರೆ ನೆನೆಯಲಿಲ್ಲ.

ಶಿವಾನಂದ ಪೆನ್ನು ತೆಗೆದುಕೊಂಡು ಟೊಪ್ಪಿಗೆ ಹಾಕಿ, ಎಲ್ಲರೂ ಮುಚ್ಚುವಂತೆ ಬಲಕ್ಕೆ ಗರಗರ ತಿರುಗಿಸಿ, ಹೆಮ್ಮೆಯಿಂದ ಜೇಬಿಗಿಡಲು ಹೋದ.

“ಅಯ್ಯ, ಆ ಕಡೆ ಅಲ್ಲರಿ!” ಎಂದು ಇಂದಿರಾ ಕೂಗಿದಳು. “ಎಡಗಾಲಿಂದದು, ಉಲ್ಟಾ ತಿರುಗಸ್ರಿ!”

ಅವನು ಏನೂ ತಿಳಿಯದೆ ತನ್ನ ಎಡಗಾಲನ್ನು ನೋಡಿಕೊಂಡ. ಅಷ್ಟರಲ್ಲಿ ಟೊಪ್ಪಿಗೆ ಜಾರಿ, ಹಳೆಯ ಕಲೆಯ ಪಕ್ಕದಲ್ಲಿ ಹೊಸದೊಂದು ಅರಳತೊಡಗಿತ್ತು.